ಬೆಳ್ಳಿ ತುಂಬಿದರೂ ಕರೆಂಟ್ ಹರಿಯದ ಅಂಟು: ರೋಧ ಇಳಿಸಲು ಯಾವುದರಿಂದ ಶುರು ಮಾಡಬೇಕು?

ಎಪಾಕ್ಸಿಗೆ, ಅಂದರೆ ಹಾರ್ಡ್‌ನರ್ ಎಂಬ ಗಟ್ಟಿಕಾರಕ ಬೆರೆಸಿದಾಗ ಗಟ್ಟಿಯಾಗುವ ರಾಳಕ್ಕೆ, ಬೆಳ್ಳಿ ಪುಡಿ ಕಲಸಿ, ಎರಡು ಲೋಹದ ಪಟ್ಟಿಗಳ ನಡುವೆ ಹಚ್ಚಿ, ಗಟ್ಟಿಯಾದ ಮೇಲೆ ಆಸೆಯಿಂದ ಮೀಟರ್ ಇಟ್ಟರೆ ರೋಧ ಕಿಲೋಓಮ್ ಲೆಕ್ಕದಲ್ಲಿ ಕಾಣುತ್ತದೆ. ಕರೆಂಟ್ ಹರಿಸುವ ಇಂಥ ವಾಹಕ ಅಂಟಿನ ಕೆಲಸಕ್ಕೆ ಕೈಹಾಕಿದವರಲ್ಲಿ ಈ ಪೆಟ್ಟು ತಿನ್ನದವರು ಕಡಿಮೆ. ಆಗ ಥಟ್ಟನೆ ಹೊಳೆಯುವುದು ಒಂದೇ ಉಪಾಯ: ಇನ್ನೊಂದಿಷ್ಟು ಬೆಳ್ಳಿ ಸುರಿಯೋಣ. ಸುರಿಯುತ್ತೇವೆ. ಪೇಸ್ಟು ಒಣಗಿದ ಗಾರೆಯಂತಾಗುತ್ತದೆ, ಅಂಟುವ ಗುಣ ಹೋಗುತ್ತದೆ, ದುಡ್ಡೂ ಹೋಗುತ್ತದೆ. ರೋಧ ಮಾತ್ರ ನಾವು ಅಂದುಕೊಂಡಷ್ಟು ಇಳಿಯುವುದಿಲ್ಲ.

ಏಕೆ ಇಳಿಯುವುದಿಲ್ಲ ಎನ್ನುವುದಕ್ಕೆ ಮೂರು ಅಂಕಿ ಸಾಕು. ಶುದ್ಧ ಬೆಳ್ಳಿಯ ರೋಧಕತೆ (ಉದ್ದ-ದಪ್ಪಗಳ ಲೆಕ್ಕ ಬಿಟ್ಟು ವಸ್ತುವಿಗೇ ಇರುವ ರೋಧದ ಗುಣ) 1.6 ಮೈಕ್ರೊಓಮ್-ಸೆಂ.ಮೀ. ತವರ-ಸೀಸದ ಬೆಸುಗೆಯದು ಸುಮಾರು 15. ತೂಕದಲ್ಲಿ ಮುಕ್ಕಾಲು ಪಾಲು ಬೆಳ್ಳಿಯೇ ಇರುವ, ಚೆನ್ನಾಗಿ ಮಾಡಿದ ಎಪಾಕ್ಸಿ ಅಂಟಿನದು ಸಾಮಾನ್ಯವಾಗಿ 100ರಿಂದ 500. ಆ ಅಂಟಿನಲ್ಲಿ ಗಾತ್ರದ ಲೆಕ್ಕದಲ್ಲಿ ಬೆಳ್ಳಿ ಕಾಲು ಭಾಗ. ಹಾಗಿದ್ದರೆ ರೋಧಕತೆ ನಾಲ್ಕು ಪಟ್ಟಾಗಬೇಕಿತ್ತು. ಕರೆಂಟ್ ಹಾಯುವ ದಾರಿ ಅಂಕುಡೊಂಕು ಎಂದು ಹತ್ತು ಪಟ್ಟು ಎಂದೇ ಇಟ್ಟುಕೊಳ್ಳೋಣ. ಆದರೆ ಆಗಿರುವುದು ಅರವತ್ತರಿಂದ ಮುನ್ನೂರು ಪಟ್ಟು. ಉಳಿದ ರೋಧವೆಲ್ಲ ಕೂತಿರುವುದು ಕಣಕ್ಕೂ ಕಣಕ್ಕೂ ನಡುವಿನ ಸಂಧಿಯಲ್ಲಿ. ಒಂದು, ಎರಡು ಕಣ ಮುಟ್ಟುವ ಜಾಗ ಸೂಜಿಮೊನೆಯಷ್ಟು ಕಿರಿದು. ಎರಡು, ಅಷ್ಟು ಕಿರಿದಾದ ಜಾಗದಲ್ಲೂ ರಾಳದ್ದೋ ಜಿಡ್ಡಿನದ್ದೋ ತೆಳು ಪೊರೆ ಸಿಕ್ಕಿಕೊಂಡಿರುತ್ತದೆ. ಈ ಪೊರೆ ಕೆಲವೇ ನ್ಯಾನೊಮೀಟರ್ ದಪ್ಪವಿದ್ದರೆ ಎಲೆಕ್ಟ್ರಾನ್‌ಗಳು ಹೇಗೋ ನುಸುಳುತ್ತವೆ. ಹತ್ತು ದಾಟಿದರೆ ಬಾಗಿಲು ಹಾಕಿದಂತೆಯೇ.

ಹಾಗಾಗಿ ನನ್ನ ಕ್ರಮದಲ್ಲಿ ಬೆಳ್ಳಿಯ ಪ್ರಮಾಣ ಕೊನೆಗೆ ಬರುತ್ತದೆ. ಮೊದಲು ಅಳತೆ, ಆಮೇಲೆ ಲೆಕ್ಕ, ಕ್ಯೂರಿಂಗ್ (ರಾಳ ಗಟ್ಟಿಯಾಗುವ ಕ್ರಿಯೆ), ಕಲಸುವ ಬಗೆ, ಕಣದ ಮೈಮೇಲಿನ ಪೊರೆ. ಇಷ್ಟನ್ನು ಸರಿಮಾಡಿಕೊಂಡವರಿಗೆ ಎಷ್ಟೋ ಸಲ ಬೆಳ್ಳಿ ಡಬ್ಬಿಯನ್ನು ಮತ್ತೆ ತೆರೆಯುವ ಪ್ರಮೇಯವೇ ಬರುವುದಿಲ್ಲ.

1. ಮೊದಲು ಅಳತೆ ನೆಟ್ಟಗಾಗಲಿ

ಒಂದು ಕಾಲಕ್ಕೆ ನಾನು ಎರಡು ವಾರ ಒಂದೇ ಅಂಟಿನ ಹಿಂದೆ ಬಿದ್ದಿದ್ದೆ. ಏನು ಬದಲಿಸಿದರೂ ರೋಧ 0.4 ಓಮ್‌ಗಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಕೊನೆಗೊಂದು ಸಂಜೆ ಬೇಸರಕ್ಕೆ ಮೀಟರಿನ ಎರಡೂ ಮೊನೆಗಳನ್ನು ಒಂದಕ್ಕೊಂದು ತಾಗಿಸಿದೆ. ಪರದೆಯ ಮೇಲೆ ಅದೇ 0.4! ಅಷ್ಟು ದಿನ ನಾನು ಅಳೆದದ್ದು ಅಂಟನ್ನಲ್ಲ, ಮೀಟರಿನ ವೈರುಗಳನ್ನು.

ಆದ್ದರಿಂದ ನಾಲ್ಕು ತಂತಿಯ ವಿಧಾನ ಬಿಟ್ಟು ಬೇರೆ ಮಾತಿಲ್ಲ. ಹೊರಗಿನ ಎರಡು ತಂತಿಗಳಲ್ಲಿ ಕರೆಂಟ್ ಕೊಡಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಅಳೆಯುವ ತಂತಿಗಳಲ್ಲಿ ಕರೆಂಟ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲವಾದ್ದರಿಂದ ವೈರಿನ ರೋಧ, ಮೊನೆಯ ರೋಧ ಎರಡೂ ಲೆಕ್ಕದಿಂದ ಹೊರಗೆ ಬೀಳುತ್ತವೆ.

ಮಾದರಿ ಮಾಡಿಕೊಳ್ಳುವುದು ಸುಲಭ. ಸೂಕ್ಷ್ಮದರ್ಶಕಕ್ಕೆ ಬಳಸುವ 25 × 75 ಮಿ.ಮೀ. ಗಾಜಿನ ಸ್ಲೈಡ್ ತೆಗೆದುಕೊಂಡು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಉದ್ದಕ್ಕೂ ಎರಡು ಟೇಪುಗಳನ್ನು 2.5 ಮಿ.ಮೀ. ಅಂತರ ಬಿಟ್ಟು ಅಂಟಿಸಿ. ನಡುವಿನ ಕಾಲುವೆಗೆ ಪೇಸ್ಟ್ ಹಾಕಿ, ಬ್ಲೇಡನ್ನು ಓರೆಯಾಗಿ ಹಿಡಿದು ಒಂದೇ ಎಳೆತಕ್ಕೆ ಎಳೆಯಿರಿ. ಎರಡನೇ ಸಲ ಎಳೆದರೆ ನಡುವೆ ಗುಳಿ ಬೀಳುತ್ತದೆ, ದಪ್ಪ ಕೆಡುತ್ತದೆ. ಟೇಪನ್ನು ಕ್ಯೂರ್ ಆಗುವ ಮೊದಲೇ ಮೆಲ್ಲಗೆ ಕಿತ್ತುಬಿಡಿ. ಗಟ್ಟಿಯಾದ ಮೇಲೆ ಮೈಕ್ರೊಮೀಟರಿನಲ್ಲಿ ದಪ್ಪವನ್ನು ಐದು ಕಡೆ ಅಳೆದು ಸರಾಸರಿ ತೆಗೆಯಿರಿ. ಗಾಜಿನ ದಪ್ಪ ಕಳೆಯುವುದನ್ನು ಮರೆಯಬೇಡಿ. ಲೆಕ್ಕ ಇಷ್ಟೆ:

ರೋಧಕತೆ = ರೋಧ × ಅಗಲ × ದಪ್ಪ ÷ ಉದ್ದ

ಇಲ್ಲಿ ಉದ್ದವೆಂದರೆ ಒಳಗಿನ ಎರಡು ಮೊನೆಗಳ ನಡುವಿನ ದೂರ, ಇಡೀ ಪಟ್ಟಿಯದ್ದಲ್ಲ. ಉದಾಹರಣೆಗೆ ದೂರ 5 ಸೆಂ.ಮೀ., ಅಗಲ 0.25 ಸೆಂ.ಮೀ., ದಪ್ಪ 50 ಮೈಕ್ರಾನ್, ಅಂದರೆ 0.005 ಸೆಂ.ಮೀ. ರೋಧ 2 ಓಮ್ ಬಂದರೆ ರೋಧಕತೆ 0.0005 ಓಮ್-ಸೆಂ.ಮೀ., ಅಂದರೆ 500 ಮೈಕ್ರೊಓಮ್-ಸೆಂ.ಮೀ. ಪರವಾಗಿಲ್ಲ ಎನ್ನಬಹುದಾದ ಅಂಟು. ವಾಹಕ ಅಂಟಿನ ರೋಧಕತೆ ಅಳೆಯಲೆಂದೇ ಅಮೆರಿಕದ ಮಾನಕ ಸಂಸ್ಥೆಯ ಎಎಸ್‌ಟಿಎಂ ಡಿ2739 ಎಂಬ ಮಾನಕ ವಿಧಾನವಿದೆ. ಬೇರೆಯವರ ಅಂಕಿಗಳ ಜೊತೆ ಹೋಲಿಸುವುದಿದ್ದರೆ ಅದನ್ನು ನೋಡಿಕೊಳ್ಳುವುದು ಒಳ್ಳೆಯದು.

ಪ್ರತಿ ಮಿಶ್ರಣಕ್ಕೂ ಕನಿಷ್ಠ ಮೂರು ಸ್ಲೈಡ್ ಮಾಡಿ. ಒಂದೇ ಡಬ್ಬಿಯ ಮೂರು ಸ್ಲೈಡುಗಳಲ್ಲಿ ಅಂಕಿ ಎರಡು ಪಟ್ಟು ಹೆಚ್ಚುಕಡಿಮೆ ಬಂದರೆ ಸೂತ್ರ ಬದಲಿಸುವ ಮಾತು ಬಿಡಿ, ಕಲಸಿದ್ದೇ ಸರಿಯಾಗಿಲ್ಲ.

2. ತಕ್ಕಡಿಯ ಮುಂದೆ ಕೂತು ಮಾಡುವ ಎರಡು ತಪ್ಪು

ಮೊದಲನೆಯದು ಹಾರ್ಡ್‌ನರ್. ಸಾಮಾನ್ಯ ದ್ರವ ಎಪಾಕ್ಸಿ ರಾಳದ ಎಪಾಕ್ಸಿ ತುಲ್ಯಭಾರ (ಕೂಡಿಕೊಳ್ಳುವ ಒಂದೊಂದು ಗುಂಪಿನ ಪಾಲಿಗೆ ಬರುವ ತೂಕ) ಸುಮಾರು 190, ಟ್ರೈಎಥಿಲೀನ್ ಟೆಟ್ರಮೈನ್ ಹಾರ್ಡ್‌ನರ್‌ನ ತುಲ್ಯಭಾರ ಸುಮಾರು 24. ಹಾಗಾಗಿ 100 ಗ್ರಾಂ ರಾಳಕ್ಕೆ 13 ಗ್ರಾಂ ಹಾರ್ಡ್‌ನರ್. ಈಗ ನಿಮ್ಮ ಮುಂದೆ 75 ಗ್ರಾಂ ಬೆಳ್ಳಿ ಕಲಸಿದ 100 ಗ್ರಾಂ ಪೇಸ್ಟ್ ಇದೆ ಎನ್ನಿ. ಅದಕ್ಕೆ ಬೇಕಾದದ್ದು 13 ಗ್ರಾಂ ಅಲ್ಲ. ಒಳಗಿರುವ 25 ಗ್ರಾಂ ರಾಳಕ್ಕೆ ತಕ್ಕ 3.25 ಗ್ರಾಂ ಮಾತ್ರ. ಬೆಳ್ಳಿಗೆ ಹಾರ್ಡ್‌ನರ್ ಬೇಕಿಲ್ಲ! ಹೇಳಿದರೆ ನಗು ಬರುತ್ತದೆ, ಆದರೆ ಕೈ ತಾನಾಗಿ ಡಬ್ಬಿಯ ಮೇಲಿನ ಅನುಪಾತದತ್ತಲೇ ಹೋಗುತ್ತದೆ. ಹಾರ್ಡ್‌ನರ್ ಹೆಚ್ಚಾದರೆ ರಾಳ ಮೆತ್ತಗೆ ಉಳಿಯುತ್ತದೆ, ತೇವ ಹೀರುತ್ತದೆ, ಕಣಗಳನ್ನು ಒತ್ತಿ ಹಿಡಿಯುವುದಿಲ್ಲ.

ಎರಡನೆಯದು ತೂಕ ಮತ್ತು ಗಾತ್ರವನ್ನು ಬೆರೆಸಿಬಿಡುವುದು. ಕರೆಂಟ್ ಹರಿಯುವುದು ಗಾತ್ರದ ಲೆಕ್ಕದಲ್ಲಿ, ನಾವು ಅಳೆಯುವುದು ತೂಕದ ಲೆಕ್ಕದಲ್ಲಿ. ಬೆಳ್ಳಿಯ ಸಾಂದ್ರತೆ 10.5, ಎಪಾಕ್ಸಿಯದು 1.2ರ ಆಸುಪಾಸು. ಗಾತ್ರದಲ್ಲಿ ಶೇ. 25 ಬೆಳ್ಳಿ ಎಂದರೆ ತೂಕದಲ್ಲಿ ಶೇ. 74–75. ಅದೇ ಗಾತ್ರಕ್ಕೆ ನಿಕಲ್ ಆದರೆ ಶೇ. 71, ಗ್ರಾಫೈಟ್ ಆದರೆ ಶೇ. 38. ಬೆಳ್ಳಿಯ ಸೂತ್ರದಲ್ಲಿದ್ದ ತೂಕವನ್ನೇ ಇಟ್ಟುಕೊಂಡು ಗ್ರಾಫೈಟ್ ಹಾಕಲು ಹೋದರೆ ಬಟ್ಟಲಿನಲ್ಲಿ ಪೇಸ್ಟ್ ಇರುವುದಿಲ್ಲ, ಕಪ್ಪು ಪುಡಿ ಇರುತ್ತದೆ.

3. ಓವನ್: ವಾಹಕತೆ ಹುಟ್ಟುವುದೇ ಇಲ್ಲಿ

ಕಲಸಿದ ಹಸಿ ಪೇಸ್ಟಿನಲ್ಲಿ ಮೀಟರ್ ಅದ್ದಿ ನೋಡಿ. ಬೆಳ್ಳಿ ಅಷ್ಟೊಂದಿದ್ದರೂ ಕರೆಂಟ್ ಹರಿಯುವುದು ಅಷ್ಟಕ್ಕಷ್ಟೆ, ಕೆಲವು ಸಲ ಹರಿಯುವುದೇ ಇಲ್ಲ. ಅದೇ ಪೇಸ್ಟನ್ನು ಓವನ್‌ನಲ್ಲಿಟ್ಟು ರೋಧ ಗಮನಿಸುತ್ತಾ ಕೂತರೆ, ರಾಳ ಗಟ್ಟಿಯಾಗುವ ಘಳಿಗೆಯಲ್ಲಿ ಅಂಕಿ ಧಡಾರನೆ ಕೆಳಗೆ ಬೀಳುತ್ತದೆ. ಬೆಳ್ಳಿ ಅಷ್ಟೇ, ಜಾಗ ಅಷ್ಟೇ. ಬದಲಾದದ್ದು ರಾಳ: ಕ್ಯೂರ್ ಆಗುವಾಗ ಅದು ಕುಗ್ಗುತ್ತದೆ, ಕುಗ್ಗುತ್ತಾ ಕಣಗಳನ್ನು ಒಂದರ ಮೇಲೊಂದು ಅದುಮುತ್ತದೆ. ನಡುವೆ ಸಿಕ್ಕ ಪೊರೆ ತೆಳುವಾಗುತ್ತದೆ, ಮುಟ್ಟುವ ಜಾಗ ಅಗಲವಾಗುತ್ತದೆ.

ಇದರಿಂದ ಕೈಗೆ ಸಿಗುವ ಪಾಠಗಳು ಹಲವು. ಕೋಣೆಯ ಉಷ್ಣತೆಯಲ್ಲಿ 24 ಗಂಟೆ ಬಿಟ್ಟ ಅಂಟು ಕೈಗೆ ಕಲ್ಲಿನಂತಿದ್ದರೂ ಅದರ ಕ್ಯೂರಿಂಗ್ ಪೂರ್ತಿಯಾಗಿರುವುದಿಲ್ಲ. ನಿಮ್ಮ ಹಾರ್ಡ್‌ನರ್ ಮತ್ತು ಜೋಡಿಸುವ ವಸ್ತು ತಡೆಯುವುದಾದರೆ 120ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಿ. ಅದೇ ಮಿಶ್ರಣ, ಅದೇ ಸ್ಲೈಡ್, ರೋಧ ಮಾತ್ರ ಎಷ್ಟೋ ಕೆಳಗೆ. ಬಿಸಿಯಲ್ಲಿ ಕೊಂಡಿಗಳು ಹೆಚ್ಚು ಕೂಡಿಕೊಳ್ಳುತ್ತವೆ, ಕುಗ್ಗುವಿಕೆಯೂ ಹೆಚ್ಚು, ಕಣದ ಮೈಮೇಲಿನ ಜಿಡ್ಡೂ ಅಷ್ಟಿಷ್ಟು ಸಡಿಲವಾಗುತ್ತದೆ. ಪ್ಲಾಸ್ಟಿಕ್ ಭಾಗಗಳಿಗೆ 150 ಡಿಗ್ರಿ ಕೊಡಲಾಗದಿದ್ದರೆ 80 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಇಟ್ಟು ನೋಡಿ. ಏನೂ ಇಲ್ಲದ್ದಕ್ಕಿಂತ ಬಹಳ ವಾಸಿ.

ಆದರೆ ಅವಸರ ಬೇಡ. ದ್ರಾವಕ ಸೇರಿಸಿ ಪೇಸ್ಟನ್ನು ತೆಳು ಮಾಡಿಕೊಂಡಿದ್ದರೆ ನೇರವಾಗಿ 150ಕ್ಕೆ ತಳ್ಳಬೇಡಿ. ಮೇಲ್ಮೈ ಮೊದಲು ಮುಚ್ಚಿಕೊಳ್ಳುತ್ತದೆ, ಒಳಗಿನ ದ್ರಾವಕ ಗುಳ್ಳೆಯಾಗಿ ಅಲ್ಲೇ ಉಳಿಯುತ್ತದೆ. ಸ್ಲೈಡನ್ನು ಮುರಿದು ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ತೂತುಗಳ ಸಾಲು ಕಾಣುತ್ತದೆ. ಪ್ರತಿ ತೂತೂ ಕರೆಂಟಿನ ದಾರಿಯಲ್ಲಿ ಬಿದ್ದ ಹೊಂಡ. ಮೊದಲು 60–70 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ದ್ರಾವಕವನ್ನು ಹೊರಗೆ ಬಿಡಿ. ದ್ರಾವಕದ ಬದಲು, ರಾಳದ ಜೊತೆ ತಾನೂ ಕೂಡಿಕೊಳ್ಳುವ ರಿಯಾಕ್ಟಿವ್ ಡೈಲ್ಯೂಯೆಂಟ್ ಬಳಸಿದರೆ ಈ ತಾಪತ್ರಯವೇ ಇಲ್ಲ.

ಸೂತ್ರಕ್ಕೆ ಕೈ ಹಚ್ಚುವ ಮೊದಲು ಈಗಿರುವ ಮಿಶ್ರಣವನ್ನೇ ಮೂರು ಬೇರೆ ಬೇರೆ ಉಷ್ಣತೆಯಲ್ಲಿ ಕ್ಯೂರ್ ಮಾಡಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು. ಖರ್ಚಿಲ್ಲದ ಪ್ರಯೋಗ, ಒಂದೇ ದಿನದ ಕೆಲಸ.

4. ಕಲಸುವುದು: ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ

ಮೊದಲು ರಾಳದಲ್ಲಿ ಬೆಳ್ಳಿ, ಅದು ಪೂರ್ತಿ ನೆನೆದ ಮೇಲೆ ಹಾರ್ಡ್‌ನರ್. ಬೆಳ್ಳಿಯನ್ನು ಒಂದೇ ಸಲ ಸುರಿಯದೆ ಮೂರ್ನಾಲ್ಕು ಕಂತಿನಲ್ಲಿ ಹಾಕಿ, ಪ್ರತಿ ಸಲ ಒಣ ಗಂಟು ಕಾಣದಂತಾಗುವವರೆಗೆ ತಿರುವಿ. ಮೂರು ರೋಲಿನ ಗಿರಣಿ ಇದ್ದರೆ ಅದರಲ್ಲಿ ಒಂದೆರಡು ಸಲ ಹಾಯಿಸಬಹುದು. ಐದಾರು ಸಲ ಬೇಡ: ಬೆಳ್ಳಿಯ ಚಕ್ಕೆಗಳು ಮೆತ್ತಗಿನವು, ಮಡಚಿಕೊಳ್ಳುತ್ತವೆ, ಸುರುಳಿಯಾಗುತ್ತವೆ. ಕಾರ್ಬನ್ ನ್ಯಾನೊಟ್ಯೂಬ್ ಆದರೆ ಎಳೆಗಳೇ ತುಂಡಾಗುತ್ತವೆ. ಉದ್ದಕ್ಕೆಂದೇ ಹಾಕಿದ ವಸ್ತು ಗಿಡ್ಡವಾದ ಮೇಲೆ ಉಳಿದದ್ದೇನು? ನುಣ್ಣನೆ ಮಸಿಪುಡಿಯಾದ ಕಾರ್ಬನ್ ಬ್ಲ್ಯಾಕ್‌ನದ್ದೂ ಇದೇ ಕತೆ. ಅದರ ಕಣಗಳು ಸರಪಳಿಯಂತೆ ಕೂಡಿಕೊಂಡಿರುತ್ತವೆ, ಆ ಸರಪಳಿಯೇ ಕರೆಂಟಿನ ದಾರಿ. ನುಣ್ಣಗೆ ಅರೆದಷ್ಟೂ ಸರಪಳಿ ಹರಿಯುತ್ತದೆ. ಬಣ್ಣ ಕಲಸುವವರು ಸಮನಾಗಿ ಹರಡಿಕೊಳ್ಳಲಿ ಎನ್ನುತ್ತಾರೆ; ನಮಗೆ ಬೇಕಾದದ್ದು ಒಂದನ್ನೊಂದು ಬಿಡದೆ ಹಿಡಿದುಕೊಂಡು ಹರಡುವುದು.

ಕಲಸುವಾಗ ಬಟ್ಟಲು ಮುಟ್ಟಿ ನೋಡುತ್ತಿರಿ. ಬೆಚ್ಚಗಾಗುತ್ತಿದ್ದರೆ ಹಾರ್ಡ್‌ನರ್ ಕೆಲಸ ಶುರುವಾಗಿದೆ ಎಂದರ್ಥ, ನಿಲ್ಲಿಸಿ, ತಣಿಸಿ. ಕೊನೆಗೆ ನಿರ್ವಾತದಲ್ಲಿಟ್ಟು ಗಾಳಿ ತೆಗೆಯಿರಿ. ಬೆಳ್ಳಿ ರಾಳಕ್ಕಿಂತ ಎಂಟೊಂಬತ್ತು ಪಟ್ಟು ಭಾರವಾದ್ದರಿಂದ ಬಿಟ್ಟಲ್ಲೇ ತಳ ಹಿಡಿಯುತ್ತದೆ. ನಿನ್ನೆ ಕಲಸಿಟ್ಟ ರಾಳ-ಬೆಳ್ಳಿಯನ್ನು ಇಂದು ಮೇಲಿಂದ ತೆಗೆದು ಹಚ್ಚಿದರೆ ಬರೀ ರಾಳ ಹಚ್ಚಿದ ಹಾಗೆ.

ಕೈಗವಸಿನ ವಿಷಯದಲ್ಲಿ ಉದಾಸೀನ ಬೇಡ. ಅಮೈನ್ ಹಾರ್ಡ್‌ನರ್‌ಗಳು ಚರ್ಮಕ್ಕೆ ಒಮ್ಮೆ ಒಗ್ಗದಂತಾದರೆ ಆಮೇಲೆ ಜೀವನಪೂರ್ತಿ ಅದರ ಹತ್ತಿರ ಹೋಗಲಾಗುವುದಿಲ್ಲ. ನ್ಯಾನೊಟ್ಯೂಬ್ ಮತ್ತು ನುಣುಪು ಲೋಹದ ಪುಡಿಗಳನ್ನು ಫ್ಯೂಮ್ ಹುಡ್ (ಗಾಳಿಯನ್ನು ಹೊರಗೆಳೆಯುವ ಪೆಟ್ಟಿಗೆ) ಒಳಗೇ ತೂಗಿ.

5. ಚಕ್ಕೆಯ ಮೈಮೇಲಿನ ಜಿಡ್ಡು

ಇದು ಹೆಚ್ಚಿನವರು ನೋಡದೆ ದಾಟಿಹೋಗುವ ಜಾಗ. ಬೆಳ್ಳಿಯ ಚಕ್ಕೆ ಮಾಡುವುದು ಪುಡಿಯನ್ನು ಗುಂಡುಗಳ ಗಿರಣಿಯಲ್ಲಿ ಜಜ್ಜಿ. ಜಜ್ಜುವಾಗ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳದಿರಲಿ ಎಂದು ಸ್ಟಿಯರಿಕ್ ಆಮ್ಲದಂಥ ಉದ್ದ ಸರಪಳಿಯ ಕೊಬ್ಬಿನ ಆಮ್ಲ ಸೇರಿಸಿರುತ್ತಾರೆ. ಅದು ಬೆಳ್ಳಿಯ ಮೈಗೆ ಅಂಟಿಕೊಂಡೇ ನಿಮ್ಮ ಡಬ್ಬಿಗೆ ಬರುತ್ತದೆ. ಪೇಸ್ಟ್ ಸರಾಗವಾಗಿ ಹರಿಯಲು ಅದು ಉಪಕಾರಿ. ಕರೆಂಟಿಗೆ ಅಪ್ಪಟ ತಡೆಗೋಡೆ.

ಹಾಗಾದರೆ ತೊಳೆದುಬಿಡೋಣ ಎನ್ನಿಸುತ್ತದೆ. ಪೂರ್ತಿ ತೊಳೆದರೆ ಚಕ್ಕೆಗಳು ಗುಂಪುಗೂಡುತ್ತವೆ, ರಾಳದಲ್ಲಿ ನೆನೆಯುವುದಿಲ್ಲ, ಪೇಸ್ಟ್ ಬಿಗಿದುಕೊಳ್ಳುತ್ತದೆ. ಜಾಣತನವೆಂದರೆ ತೆಗೆಯುವುದಲ್ಲ, ಬದಲಿಸುವುದು. ಅಡಿಪಿಕ್ ಆಮ್ಲದಂಥ ಗಿಡ್ಡ ಸರಪಳಿಯ, ಎರಡು ತುದಿಯಲ್ಲೂ ಆಮ್ಲ ಗುಂಪಿರುವ ಅಣುಗಳನ್ನು ಸ್ವಲ್ಪವೇ ಸ್ವಲ್ಪ ಸೇರಿಸಿದರೆ ಅವು ಕ್ಯೂರಿಂಗ್ ಬಿಸಿಯಲ್ಲಿ ಸ್ಟಿಯರಿಕ್ ಆಮ್ಲದ ಜಾಗ ಹಿಡಿಯುತ್ತವೆ. ಪೊರೆ ಇದ್ದೇ ಇರುತ್ತದೆ, ಆದರೆ ತೆಳು. ಎಲೆಕ್ಟ್ರಾನ್ ನುಸುಳಲು ಅಷ್ಟು ಸಾಕು. ರಾಳದ ತೂಕದ ಶೇ. 0.5ರಿಂದ ಶುರುಮಾಡಿ ಮೆಲ್ಲಗೆ ಏರಿಸಿ. ಹೆಚ್ಚಾದರೆ ಆಮ್ಲ ಎಪಾಕ್ಸಿಯ ಜೊತೆಗೇ ಕೂಡಿಕೊಂಡು ಪೇಸ್ಟ್ ಬೇಗ ಬಿಗಿಯುತ್ತದೆ. ಸಿಲೇನ್ ಹಾಕುವವರಿಗೂ ಇದೇ ಮಾತು: ಅಂಟುವ ಬಲಕ್ಕೆ ಒಂದು ಹನಿ ಒಳ್ಳೆಯದು, ಮೂರು ಹನಿ ಮತ್ತೊಂದು ಪೊರೆ.

ತಾಮ್ರ ಬಳಸಿ ಹಣ ಉಳಿಸೋಣ ಎನ್ನುವವರಿಗೆ: ತಾಮ್ರದ ರೋಧಕತೆ 1.7, ಬೆಳ್ಳಿಗೆ ಹತ್ತಿರವೇ. ತೊಡಕು ಅದರ ಆಕ್ಸೈಡಿನಲ್ಲಿದೆ. ಗಾಳಿ ತಾಗಿದ ತಾಮ್ರದ ಪುಡಿ ಇಂದು ಹರಿಸುತ್ತದೆ, ತಿಂಗಳಾದ ಮೇಲೆ ಮೊಂಡು ಹೂಡುತ್ತದೆ. ಬೆಳ್ಳಿ ಲೇಪಿಸಿದ ತಾಮ್ರದ ಚಕ್ಕೆ ಒಳ್ಳೆಯ ನಡುದಾರಿ, ಆದರೆ ಅದನ್ನು ಗಿರಣಿಯಲ್ಲಿ ಹೆಚ್ಚು ಉಜ್ಜಿದರೆ ಲೇಪನ ಹರಿದು ಒಳಗಿನ ತಾಮ್ರ ಹೊರಗೆ ಕಾಣುತ್ತದೆ.

6. ಕಣದ ಆಕಾರ

ಗುಂಡು ಕಣಗಳು ಒಂದು ಬಿಂದುವಿನಲ್ಲಿ ಮುಟ್ಟುತ್ತವೆ, ಚಕ್ಕೆಗಳು ಮೈಗೆ ಮೈ ತಾಗಿಸಿ ಮಲಗುತ್ತವೆ. ಹಾಗಾಗಿ ಮೂಲವಸ್ತು ಚಕ್ಕೆಯೇ ಇರಲಿ. ದೊಡ್ಡ ಚಕ್ಕೆಗಳ ನಡುವಿನ ಸಂದು ತುಂಬಲು ಒಂದಿಷ್ಟು ಸಣ್ಣ ಗುಂಡು ಕಣ ಬೆರೆಸಿದರೆ ಲಾಭವುಂಟು.

ನ್ಯಾನೊ ಎಂದ ಕೂಡಲೇ ಮರುಳಾಗುವುದು ಬೇಡ. ಕಣ ಸಣ್ಣದಾದಷ್ಟೂ ಅದೇ ದೂರ ದಾಟಲು ಸಂಧಿಗಳು ಹೆಚ್ಚು. ರೋಧ ಇರುವುದೇ ಸಂಧಿಯಲ್ಲಿ ಎಂದ ಮೇಲೆ ಬರೀ ನ್ಯಾನೊ ಬೆಳ್ಳಿ ಸುರಿದರೆ ರೋಧ ಏರಿದರೂ ಆಶ್ಚರ್ಯವಿಲ್ಲ. ಅದರ ನಿಜವಾದ ಉಪಯೋಗ ಬೇರೆ: ಬೆಳ್ಳಿ ಕರಗುವುದು 961 ಡಿಗ್ರಿಯಲ್ಲಿ, ಆದರೆ ನ್ಯಾನೊ ಕಣಗಳು 200 ಡಿಗ್ರಿಯೊಳಗೇ ಒಂದಕ್ಕೊಂದು ಬೆಸೆದುಕೊಳ್ಳಬಲ್ಲವು. ಚಕ್ಕೆಗಳ ನಡುವೆ ಅವು ಹಾಗೆ ಬೆಸೆದರೆ ಸಂಧಿಯೇ ಮಾಯ. ನಿಮ್ಮ ಕ್ಯೂರಿಂಗ್ ಉಷ್ಣತೆ ಅಲ್ಲಿಗೆ ಮುಟ್ಟದಿದ್ದರೆ ಆ ದುಡ್ಡು ಉಳಿಸಿಕೊಳ್ಳಿ.

ಕಾರ್ಬನ್ ನ್ಯಾನೊಟ್ಯೂಬ್ ತೂಕದ ಶೇ. 1ಕ್ಕೂ ಕಡಿಮೆ ಹಾಕಿದರೂ ಎಪಾಕ್ಸಿ ಕರೆಂಟ್ ಬಿಡಲು ಶುರುಮಾಡುತ್ತದೆ. ಸ್ಥಾಯಿ ವಿದ್ಯುತ್ ಹರಿದುಹೋಗಲು ಅಷ್ಟು ಸಾಕು. ಬೆಸುಗೆಯ ಬದಲಿಗೆ ಸಾಲದು, ಬೆಳ್ಳಿ ಅಂಟಿಗಿಂತ ಅದರ ರೋಧಕತೆ ಸಾವಿರಾರು ಪಟ್ಟು ಹೆಚ್ಚು.

7. ಈಗ ಪ್ರಮಾಣ

ಫಿಲ್ಲರ್, ಅಂದರೆ ರಾಳಕ್ಕೆ ತುಂಬುವ ವಾಹಕ ಪುಡಿ, ಏರಿಸುತ್ತಾ ಹೋದರೆ ಮೊದಮೊದಲು ಏನೂ ಆಗುವುದಿಲ್ಲ. ಒಂದು ಹಂತದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಮೊದಲ ಸರಪಳಿ ಕೂಡಿಕೊಳ್ಳುತ್ತದೆ, ರೋಧ ಹತ್ತಾರು ಲಕ್ಷ ಪಟ್ಟು ಕುಸಿಯುತ್ತದೆ. ಇದು ಪರ್ಕೊಲೇಷನ್ ಮಿತಿ. ಅಡ್ಡಾದಿಡ್ಡಿ ಬಿದ್ದ ಗುಂಡು ಕಣಗಳಿಗೆ ಗಾತ್ರದ ಶೇ. 16ರ ಆಸುಪಾಸು, ಚಪ್ಪಟೆ ಅಥವಾ ಉದ್ದ ಕಣಗಳಿಗೆ ಇನ್ನೂ ಕಡಿಮೆ. ಮಿತಿಯ ಅಂಚಿನಲ್ಲೇ ನಿಲ್ಲಬೇಡಿ. ಅಲ್ಲಿ ಕಲಸುವಾಗಿನ ಚೂರು ವ್ಯತ್ಯಾಸಕ್ಕೂ ರೋಧ ಹುಚ್ಚೆದ್ದು ಕುಣಿಯುತ್ತದೆ.

ಬೆಳ್ಳಿ ಚಕ್ಕೆಗೆ ಗಾತ್ರದ ಶೇ. 15, 18, 21, 24, 27 ಹೀಗೆ ಐದು ಮಿಶ್ರಣ ಮಾಡಿ. ಪ್ರತಿಯೊಂದಕ್ಕೂ ರೋಧಕತೆ ಮಾತ್ರವಲ್ಲ, ಎರಡು ಪಟ್ಟಿ ಅಂಟಿಸಿ ಎಳೆದು ಬಲವನ್ನೂ ಅಳೆಯಿರಿ. ಎರಡನ್ನೂ ಒಂದೇ ಕಾಗದದಲ್ಲಿ ಗುರುತಿಸಿದರೆ, ರೋಧದ ಗೆರೆ ಮಲಗಿದ ಮೇಲೂ ಬಲದ ಗೆರೆ ಜಾರುತ್ತಲೇ ಇರುವುದು ಕಾಣುತ್ತದೆ. ರೋಧದ ಗೆರೆ ಮಲಗಿದ ಜಾಗವೇ ನಿಮ್ಮ ಪ್ರಮಾಣ. ಅದರಾಚೆ ಹಾಕುವ ಬೆಳ್ಳಿ ಅಂಟನ್ನು ಹಾಳುಮಾಡಲಿಕ್ಕೆ ಮಾತ್ರ.

8. ಜೋಡಿಸುವ ಮೇಲ್ಮೈ

ಸ್ಲೈಡ್ ಮೇಲೆ 200 ಮೈಕ್ರೊಓಮ್-ಸೆಂ.ಮೀ. ತೋರಿಸಿದ ಅಂಟು ನಿಜವಾದ ಜೋಡಣೆಯಲ್ಲಿ ಸೋಲಬಹುದು. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಇದ್ದೇ ಇರುತ್ತದೆ. ಉಜ್ಜಿ, ಒರೆಸಿ, ತಡಮಾಡದೆ ಹಚ್ಚಬೇಕು. ತವರ ಲೇಪಿಸಿದ ತುದಿಗಳದ್ದು ಇನ್ನೂ ಮೋಸದ ಸ್ವಭಾವ. ಮೊದಲ ದಿನ ಎಲ್ಲ ಚೆನ್ನಾಗಿರುತ್ತದೆ. ತೇವ ಒಳಗಿಳಿದ ಮೇಲೆ ಬೆಳ್ಳಿ ಮತ್ತು ತವರ ಸೇರಿ ಸಣ್ಣ ಬ್ಯಾಟರಿಯಂತಾಗುತ್ತವೆ, ತವರ ಸವೆದು ಅದರ ಆಕ್ಸೈಡು ಸಂಧಿಯಲ್ಲಿ ಕೂರುತ್ತದೆ. ಆಗುವುದಾದರೆ ಚಿನ್ನ ಅಥವಾ ಬೆಳ್ಳಿ ಲೇಪನದ ತುದಿ ಆರಿಸಿ. ಆಗದಿದ್ದರೆ ತೇವ ಕಡಿಮೆ ಹೀರುವ ರಾಳ, ಜೊತೆಗೆ 8-ಹೈಡ್ರಾಕ್ಸಿಕ್ವಿನೊಲಿನ್‌ನಂಥ ತುಕ್ಕುತಡೆ ವಸ್ತು ಸ್ವಲ್ಪ. ಹತ್ತಿರ ಹತ್ತಿರದ ಎರಡು ತುದಿಗಳ ನಡುವೆ ಡಿಸಿ ವೋಲ್ಟೇಜ್ ಇದ್ದು ತೇವವೂ ಇದ್ದರೆ ಬೆಳ್ಳಿ ಅತ್ತಿಂದಿತ್ತ ಬೇರು ಚಾಚಿ ಶಾರ್ಟ್ ಮಾಡುವುದೂ ಉಂಟು. ಅಂಥ ಕಡೆ ಮೇಲೊಂದು ರಕ್ಷಣಾ ಲೇಪನ ಬೇಕೇ ಬೇಕು.

ಬಾಳಿಕೆ ನೋಡಲು ರೂಢಿಯಲ್ಲಿರುವ ಪರೀಕ್ಷೆ 85 ಡಿಗ್ರಿ ಸೆಲ್ಸಿಯಸ್, ಶೇ. 85 ತೇವಾಂಶ, 500 ಗಂಟೆ. ಜೋಡಣೆಯ ರೋಧ ಶೇ. 20ಕ್ಕಿಂತ ಹೆಚ್ಚು ಏರದಿದ್ದರೆ ಪಾಸು. ಈ ಪರೀಕ್ಷೆಯ ಪೆಟ್ಟಿಗೆಯೊಳಗೆ ಜೋಡಣೆಯ ಜೊತೆಗೆ ಒಂದು ಗಾಜಿನ ಸ್ಲೈಡನ್ನೂ ಇಡಿ. ಹೊರಗೆ ತೆಗೆದಾಗ ಸ್ಲೈಡಿನ ಅಂಕಿ ಹಾಗೇ ಇದ್ದು ಜೋಡಣೆಯದು ಮಾತ್ರ ಏರಿದ್ದರೆ ದೋಷ ಮೇಲ್ಮೈಯಲ್ಲಿ, ಎಂಟನೇ ಹಂತಕ್ಕೆ ಹೋಗಿ. ಎರಡೂ ಏರಿದ್ದರೆ ಅಂಟಿನ ಒಳಗೇ ಏನೋ ಸಡಿಲವಾಗಿದೆ: ಮೂರನೇ ಹಂತದಿಂದ ಮತ್ತೆ ಶುರು, ಮೊದಲು ಓವನ್.